ಏಳು ಗೇರಿಗೆ ಒಂದೇ ತಂತಿ

ಆಡಿ ತಿಂಗಳ ಎರಡನೆಯ ಶನಿವಾರ, ಮಧ್ಯಾಹ್ನ ಮೂರು ಗಂಟೆ ಇರಬಹುದು. ಪಾಲಕ್ಕಾಡಿನ ಕಡೆಯಿಂದ ಬೀಸುವ ಗಾಳಿ ಬೀದಿಯ ಧೂಳನ್ನೆಲ್ಲ ತಂದು ನಮ್ಮ ಜಗುಲಿಗೆ ಸುರಿಯುತ್ತಿತ್ತು. ನನ್ನ ಮಗನ ಮಗಳು ಗೋಕಿಲಾ ಸೈಕಲ್ ತಳ್ಳಿಕೊಂಡು ಬಂದು ಮಗ್ಗದ ಮನೆಯ ಗೋಡೆಗೆ ಒರಗಿಸಿದಳು. ಮುಖ ಸಣ್ಣದಾಗಿತ್ತು.

"ತಾತ, ಸೈಕಲ್ ಅಂಗಡಿ ಸೆಂದಿಲ್ ಬುಧವಾರ ತನಕ ಸಿಗಲ್ವಂತೆ. ಹೊಸ ಅಳಿಯ ಅಲ್ವಾ, ಆಡಿ ಊಟಕ್ಕೆ ಮಾವನ ಮನೆಗೆ ಹೋಗಿದಾನೆ."

ಸೋಮವಾರ ಅವಳು ಅನ್ನೂರಿನ ಒಂದು ಸಣ್ಣ ಮಿಲ್ಲಿನಲ್ಲಿ ನೂಲು ನೋಡುವ ಕೆಲಸಕ್ಕೆ ಸೇರಬೇಕಿತ್ತು. ಬೆಳಗಿನ ಆರಕ್ಕೆ ಶಿಫ್ಟ್. ನಮ್ಮೂರಿಗೆ ಮೊದಲ ಟೌನ್ ಬಸ್ ಬರುವುದೇ ಆರೂ ಮುಕ್ಕಾಲಿಗೆ. ಮೊದಲ ದಿನವೇ ತಡವಾದರೆ ಬೇರೆಯವರನ್ನು ಹಾಕಿಕೊಳ್ಳುತ್ತೇವೆ ಎಂದು ಮೇಸ್ತ್ರಿ ಮೊದಲೇ ಹೇಳಿಬಿಟ್ಟಿದ್ದ. ಹೋಗುವಾಗ ಇಳಿಜಾರು, ಗಾಳಿಯೂ ಬೆನ್ನಿಗೆ. ಬರುವಾಗ ಏರು, ಎದುರುಗಾಳಿ, ಹನ್ನೊಂದು ಕಿಲೋಮೀಟರು. ಎರಡು ವರ್ಷದ ಕೆಳಗೆ ಅವಳ ಬಲಮಂಡಿ ಮುರಿದು ಕೂಡಿಕೊಂಡದ್ದು. ಗುರುವಾರ ಕೆಲಸ ಕೇಳಲು ಪಕ್ಕದ ಮನೆಯವರ ಗೇರಿಲ್ಲದ ಸೈಕಲ್ಲಿನಲ್ಲಿ ಮಿಲ್ಲಿಗೆ ಹೋಗಿಬಂದಾಗ ಆ ಮಂಡಿ ತೆಂಗಿನಕಾಯಿಯಷ್ಟು ಊದಿತ್ತು. ಅತಿ ಹಗುರವಾದ ಗೇರ್ ಸಿಕ್ಕಿದರೆ ಕೆಲಸ ಉಂಟು, ಇಲ್ಲದಿದ್ದರೆ ಇಲ್ಲ.

ಸೈಕಲ್ ಪೋತ್ತನೂರಿನ ಒಬ್ಬ ರೈಲ್ವೆ ಕೆಲಸಗಾರನಿಂದ ಕೊಂಡದ್ದು. ಚೌಕಟ್ಟು ಗಟ್ಟಿ, ಗೇರು ಮಾತ್ರ ಹಾಳು. ಹೊಸ ಸೈಕಲ್ ನಮ್ಮ ಕೈಗೆ ಎಟುಕದು. ಹೊಸದಾಗಿ ತಂದದ್ದು ಹಿಡಿಯ ಹತ್ತಿರದ ಏಳು ಗೇರಿನ ಲಿವರ್, ಒಂದು ತಂತಿ, ಎರಡೇ. ಹಿಂದಿನ ಚಕ್ರದಲ್ಲಿ ಚೈನನ್ನು ಒಂದು ಹಲ್ಲುಚಕ್ರದಿಂದ, ನಮ್ಮ ಮಾತಲ್ಲಿ ಒಂದು ಹಲ್ಲಿನಿಂದ, ಇನ್ನೊಂದಕ್ಕೆ ದೂಡುವ ಕೈ ಹಳೆಯ ಸಾಮಾನಿನಲ್ಲಿ ಸಿಕ್ಕಿದ್ದು. ಸೆಂದಿಲ್ ಎಲ್ಲವನ್ನೂ ಕೂರಿಸಿ, ತಂತಿ ಬಿಗಿಯುವುದೊಂದನ್ನು ಬಿಟ್ಟು ಊಟಕ್ಕೆ ಹೋಗಿದ್ದ.

"ಬಿಗಿಯೋದು ತಾನೇ, ನನ್ನ ಕಣ್ಣೇ? ನಾನು ನೋಡ್ತೀನಿ" ಎಂದೆ. ಮಗ್ಗದ ಮೇಲೆ ಹಾಸಿನ ನೂಲು ಬಿಗಿಯುತ್ತಲೇ ನನ್ನ ಆಯಸ್ಸು ಕಳೆದಿದೆ.

ನನ್ನ ಹೆಂಡತಿ ಸುಬ್ಬಾತಾಳ್ ಒಳಗಿನಿಂದ ಇಣುಕಿದಳು. "ಏನುಂಗ, ಸೀರೆ ಮುಗೀತು, ಇನ್ನು ಸೈಕಲ್ ನೆಯ್ತೀರಾ?"

"ನೀನು ಬಾ, ಪೆಡಲ್ ತಿರುಗಿಸು. ಐವತ್ತು ವರ್ಷ ರಾಟೆ ತಿರುಗಿಸಿದ ಕೈ."

"ಕೂಲಿ ಏನು ಕೊಡ್ತೀರಾ?"

"ಕಾಪಿ."

"ಅದನ್ನೂ ನಾನೇ ಹಾಕ್ಬೇಕು!"

ಸೈಕಲ್ಲಿನ ಹಿಂಭಾಗವನ್ನು ತೊಲೆಗೆ ಹಗ್ಗದಿಂದ ತೂಗುಹಾಕಿದೆವು. ಮಗ್ಗದಲ್ಲಿ ಹಾಸನ್ನು ಬಿಗಿಯುವಾಗ ಕಾಲಲ್ಲಿ ಒತ್ತುವ ಎರಡು ತುಳಿಗೆಯೂ ಸಮ ಇರಬೇಕು, ನೂಲು ಮೇಲೂ ಇಲ್ಲದೆ ಕೆಳಗೂ ಇಲ್ಲದೆ ನಡುವೆ ನಿಲ್ಲಬೇಕು. ಅದೇ ಲೆಕ್ಕದಲ್ಲಿ, ಏಳರ ನಡು ನಾಲ್ಕು ಎಂದು ಲಿವರನ್ನು ನಾಲ್ಕಕ್ಕೆ ಇಡಿಸಿದೆ. ಲಿವರಿನ ಮೇಲೆ ಅಂಕಿ ಇರಲಿಲ್ಲ, ಟಕ್ಕುಗಳನ್ನು ನಾವೇ ಎಣಿಸಿದ್ದು. ತಂತಿಯನ್ನು ಎಳೆದು ತಿರುಪು ಹಾಕಿದೆ. ಬೆರಳಲ್ಲಿ ಮೀಟಿದರೆ ಟಣ್ ಎಂದಿತು. ಒಳ್ಳೆಯ ಹಾಸಿನ ಸದ್ದು.

"ಈಗ ಏರಿಸು" ಎಂದೆ. ಗೋಕಿಲಾ ಲಿವರನ್ನು ಐದು, ಆರು, ಏಳು ಎಂದು ಒತ್ತಿದಳು. ಚೈನ್ ಮಾತ್ರ ಕೆಳಗಿನ ಚಿಕ್ಕ ಹಲ್ಲಿನಿಂದ ನಾಲ್ಕನೆಯದರವರೆಗೆ ಏರಿ ನಿಂತುಬಿಟ್ಟಿತು. ಮೇಲಿನ ಮೂರು ದೊಡ್ಡ ಹಲ್ಲುಗಳು ಖಾಲಿ. ಹಗುರದ ಗೇರುಗಳು ಅವೇ.

ತಂತಿ ಬಂದು ಸೇರುವ ಕಡೆ ಒಂದು ಪುಟ್ಟ ಬಿರಡೆ ಇದೆ. ಅದನ್ನು ತಿರುಗಿಸಿದರೆ ತಂತಿ ಬಿಗಿಯಾಗುತ್ತದೆ. ತಿರುಗಿಸಿದೆ. ಇನ್ನೊಂದು ಹಲ್ಲು ಏರಿತು, ಕರಕರ ಎಂದಿತು. ಇನ್ನೂ ತಿರುಗಿಸಿದೆ. ಬಿರಡೆಯೇ ಕಳಚಿ ಕೈಗೆ ಬಂತು.

"ಬಿಡಿ ತಾತ. ಬರಲ್ಲ ಅಂತ ಮಿಲ್ಲಿಗೆ ಫೋನ್ ಮಾಡಿಬಿಡ್ತೀನಿ" ಎಂದಳು ಗೋಕಿಲಾ. ಅಳುತ್ತಿರಲಿಲ್ಲ. ಅದೇ ನನಗೆ ಹೆಚ್ಚು ಕಷ್ಟವಾಯಿತು.

"ನಾಳೆ ಭಾನುವಾರ ಇದೆಯಲ್ಲ" ಎಂದೆ.

ಮಲಗಿದರೂ ಒಂದೇ ಯೋಚನೆ. ಮಗ್ಗದಲ್ಲಿ ಒಂದು ತುಳಿಗೆ ಇಳಿದರೆ ಇನ್ನೊಂದು ತಾನಾಗಿ ಏರುತ್ತದೆ, ಎರಡೂ ಒಂದಕ್ಕೊಂದು ಕಟ್ಟಿಕೊಂಡಿರುತ್ತವೆ. ಇಲ್ಲಿ ಇರುವುದು ಒಂದೇ ತಂತಿ, ಅದಕ್ಕೆ ಎಳೆಯುವುದು ಮಾತ್ರ ಗೊತ್ತು. ಹಾಗಾದರೆ ಚೈನನ್ನು ವಾಪಸ್ ಇಳಿಸುವವರು ಯಾರು?

ಬೆಳಿಗ್ಗೆ ಎದ್ದವನೇ ತಿರುಪು ಬಿಚ್ಚಿ ತಂತಿಯನ್ನು ಪೂರಾ ಬಿಟ್ಟೆ. "ತಿರುಗಿಸು" ಎಂದು ಸುಬ್ಬಾತಾಳಿಗೆ ಹೇಳಿದೆ. ಚೈನ್ ಯಾರೂ ಹೇಳದೆ ಟಕ್ ಟಕ್ ಎಂದು ಇಳಿದು, ಎಲ್ಲಕ್ಕಿಂತ ಚಿಕ್ಕ ಹಲ್ಲಿನ ಮೇಲೆ ಹೋಗಿ ಕುಳಿತಿತು. ಬಗ್ಗಿ ನೋಡಿದರೆ ಆ ಕೈಯ ಹೊಟ್ಟೆಯಲ್ಲಿ ಒಂದು ಸ್ಪ್ರಿಂಗು.

"ಅಯ್ಯೋ, ಇದಕ್ಕೆ ನಡುವೇ ಇಲ್ಲ!" ಎಂದೆ.

"ಯಾರಿಗೆ? ನನಗಾ?" ಎಂದಳು ಸುಬ್ಬಾತಾಳ್. ಗೋಕಿಲಾ ಎರಡು ದಿನದಲ್ಲಿ ಮೊದಲ ಸಲ ನಕ್ಕಳು.

ಸೈಕಲ್ಲಿಗೆ ವಿಶ್ರಾಂತಿ ಇರುವುದು ನಡುವಿನಲ್ಲಲ್ಲ, ಒಂದು ತುದಿಯಲ್ಲಿ. ನಾನು ಲಿವರನ್ನು ನಾಲ್ಕಕ್ಕೆ ಇಟ್ಟು ಕಟ್ಟಿದ್ದರಿಂದ ಮೂರು ಎಳೆತ ಮೊದಲೇ ದಂಡವಾಗಿತ್ತು. ಬಿರಡೆಯನ್ನು ಒಳಗೆ ಪೂರ್ತಿ ತಿರುಗಿಸಿ, ಒಂದು ಸುತ್ತು ಮಾತ್ರ ಹಿಂದೆ ತಂದೆ. ಲಿವರನ್ನು ಒಂದಕ್ಕೆ ಇಳಿಸಲು ಹೇಳಿದೆ. ಈ ಸಲ ತಂತಿಯನ್ನು ಮೀಟಲಿಲ್ಲ. ಜೋಲು ಹೋಗುವಷ್ಟು ಮಾತ್ರ ಬೆರಳಿನಿಂದ ಎಳೆದು ತಿರುಪು ಹಾಕಿದೆ.

"ಎರಡು" ಎಂದೆ. ಏರಲಿಲ್ಲ. ಬಿರಡೆ ಕಾಲು ಸುತ್ತು. ಏರಿತು, ಆದರೆ ಕರಕರ. ಇನ್ನು ಕಾಲು ಸುತ್ತು. ಸದ್ದು ನಿಂತಿತು. ಮೂರು, ನಾಲ್ಕು, ಐದು, ಆರು. ಏಳಕ್ಕೆ ಚೈನ್ ಸ್ವಲ್ಪ ತಡೆದು, ದೊಡ್ಡ ಹಲ್ಲಿನ ಮೇಲೆ ಮೆತ್ತಗೆ ಹತ್ತಿ ಕುಳಿತಿತು. ಇಳಿಸಿ ನೋಡಿದೆವು. ಒಂದೊಂದೇ ಇಳಿಯಿತು.

ಸಂಜೆ ಗೋಕಿಲಾ ಕೆರೆಯ ಏರಿಯವರೆಗೆ ಹೋಗಿ, ಏರಿನಲ್ಲಿ ಗಾಳಿಗೆ ಎದುರಾಗಿ ಬಂದಳು. ಎಲ್ಲಿಯೂ ಸೈಕಲ್ಲಿನಿಂದ ಇಳಿದಿರಲಿಲ್ಲ. ಸುಬ್ಬಾತಾಳ್ ಮೊದಲು ಅವಳ ಮಂಡಿಯನ್ನು ಮುಟ್ಟಿ ನೋಡಿದಳು.

"ಊದಿಲ್ಲ. ಆದ್ರೂ ಎಣ್ಣೆ ಹಚ್ಕೊ."

ನಾನು ತಿರುಪನ್ನು ಇನ್ನೊಮ್ಮೆ ಒತ್ತಿ ನೋಡಿ, ಸೈಕಲ್ಲನ್ನು ಬಾಗಿಲ ಕಡೆಗೆ ತಿರುಗಿಸಿ ನಿಲ್ಲಿಸಿದೆ.

ಗೋಕಿಲಾ ಹೊರಟದ್ದು ಆಡಿ ಹನ್ನೆರಡು, ಸೋಮವಾರ, ಬೆಳಗಿನ ಐದು ಗಂಟೆಗೆ.