ಕೈ ಹೇಳಿದ ಐವತ್ತೆರಡು

ಶುರುವಾದದ್ದು ಬೂದಿ ಬುಧವಾರ, ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದ ಮೊದಲ ದಿನ, ಸಂಜೆ ನಾಲ್ಕೂವರೆಗೆ. ಫೆಬ್ರವರಿ ಮುಗಿಯುತ್ತ ಬಂದಿತ್ತು. ಗ್ಯಾರೇಜಿನ ಸೂರಿಗೆ ಜೋತುಬಿದ್ದ ಹಿಮದ ಕಡ್ಡಿಗಳು ಹಗಲೆಲ್ಲ ತೊಟ್ಟಿಕ್ಕಿ, ಸಂಜೆಯಾಗುತ್ತಲೇ ಮತ್ತೆ ಬಿಗಿದುಕೊಳ್ಳುವ ಕಾಲ ಅದು. ಎಲ್ಡನ್ ಕ್ಲೀಮಾ ಚರ್ಚಿನಿಂದ ಬಂದವನು ಹಣೆಯ ಬೂದಿಯನ್ನೂ ಒರೆಸದೆ, ಟೋಪಿಯನ್ನೂ ತೆಗೆಯದೆ ಗ್ಯಾರೇಜಿಗೆ ಹೋಗಿ, ಮೂಲೆಯಲ್ಲಿದ್ದ ಮಂಚದುದ್ದದ ಫ್ರೀಜರ್ ಪೆಟ್ಟಿಗೆಯ ಮುಚ್ಚಳ ಎತ್ತಿ ನಿಂತ. ಒಳಗೆ ಕಂಠಮಟ್ಟ ಜಿಂಕೆ ಮಾಂಸ. ನವೆಂಬರಿನ ಬೇಟೆಯಲ್ಲಿ ಅವನು ಹೊಡೆದದ್ದೊಂದು, ಅವನ ಹೆಂಡತಿಯ ತಮ್ಮ ನಾರ್ಬರ್ಟ್ ಹೊಡೆದದ್ದೊಂದು. ಬಿಳಿ ಕಾಗದದಲ್ಲಿ ಸುತ್ತಿ, ಮೇಲೆ ತಾರೀಖು ಬರೆದ ಅರವತ್ತಮೂರು ಪೊಟ್ಟಣ.

"ಏನು ಹುಡುಕ್ತಿದೀಯ? ಇವತ್ತು ಮಾಂಸ ಮುಟ್ಟಂಗಿಲ್ಲ," ಅಂದಳು ಬಾಗಿಲಲ್ಲಿ ನಿಂತ ಹೆಂಡತಿ ಅರ್ಲೀನ್.

"ಹುಡುಕ್ತಿಲ್ಲ. ಅಳತೆ ನೋಡ್ತಿದೀನಿ."

"ಯಾರನ್ನ ಮಲಗಿಸೋಕೆ?"

"ಬಿಯರ್ ಪೀಪಾಯಿನ. ಈ ಪೆಟ್ಟಿಗೆಗೆ ನಲ್ಲಿ ಹಾಕ್ತೀನಿ. ಈಸ್ಟರ್ ದಿನ ಫಾದರ್‌ಗೆ ಇದರಿಂದಲೇ ಒಂದು ಗ್ಲಾಸ್ ಹಿಡಿದು ಕೊಡ್ತೀನಿ."

ಆ ಮಧ್ಯಾಹ್ನದ ಸುದ್ದಿಯನ್ನು ಅರ್ಲೀನ್ ಕೂಡ ಕೇಳಿ ಬಂದಿದ್ದಳು. ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಫಾದರ್ ಎಬೋ ಕ್ವಾನ್ಸಾ ಜನರನ್ನು ಕೂರಿಸಿಕೊಂಡು ಹೇಳಿದ್ದರು: ಘಾನಾದಲ್ಲಿರುವ ಅವರ ಬಿಷಪ್ಪರು ವಾಪಸು ಕರೆಸಿಕೊಂಡಿದ್ದಾರೆ, ಈಸ್ಟರ್ ಕಳೆದ ಮಂಗಳವಾರ ಹೊರಡುವುದು, ಇನ್ನು ಈ ಕಡೆ ಬರುವುದಿಲ್ಲ. "ನಮ್ಮ ಕಡೆ ಎಬೋ ಅಂದ್ರೆ ಮಂಗಳವಾರ ಹುಟ್ಟಿದೋನು ಅಂತ. ಹುಟ್ಟಿದ ವಾರವೇ ಹೊರಡ್ತೀನಿ, ಕ್ಷೇಮವಾಗೇ ಮುಟ್ತೀನಿ ಬಿಡಿ," ಎಂದು ಅವರು ನಕ್ಕಿದ್ದರು. ಜನ ನಕ್ಕಿರಲಿಲ್ಲ.

ಆರು ವರ್ಷದಿಂದ ಎಲ್ಡನ್ ಆ ಮನುಷ್ಯನಿಗೆ ತನ್ನ ಕೈಯಾರೆ ಮಾಡಿದ ಒಂದು ಒಳ್ಳೆಯ ಗ್ಲಾಸು ಬಿಯರ್ ಕುಡಿಸಬೇಕೆಂದಿದ್ದ. ಮೊದಲ ವರ್ಷದ ಬಾಟಲಿ ಬಿರಡೆ ಬಿಚ್ಚಿದ್ದೇ ತಡ ಚಿಮ್ಮಿ, ಫಾದರ್ ಅವರ ಬಿಳಿ ನಿಲುವಂಗಿಯನ್ನು ಎದೆಯಿಂದ ಪಾದದ ತನಕ ತೋಯಿಸಿತ್ತು. ಮರುವರ್ಷದ್ದು ಒಂದು ಗುಳ್ಳೆಯೂ ಇಲ್ಲದೆ ಬಟ್ಟೆ ಹಿಂಡಿದ ನೀರಿನಂತಿತ್ತು. ಮೂರನೆಯದರ ತಳದಲ್ಲಿ ಎರಡು ಬೆರಳು ಗಸಿ. ಪ್ರತಿ ಸಲವೂ ಎಲ್ಡನ್ "ಮುಂದಿನ ಸಲ, ಫಾದರ್" ಅನ್ನುವುದು, ಅವರು "ಲೋಕ ಮಾಡೋಕೆ ದೇವರಿಗೂ ಆರು ದಿನ ಬೇಕಾಯ್ತು, ಎಲ್ಡನ್" ಅನ್ನುವುದು. ಆಮೇಲೆ ಎಲ್ಡನ್‌ನ ಹೆಬ್ಬೆರಳುಗಳು ಸೆಟೆದುಕೊಂಡವು. ಐವತ್ತು ಬಾಟಲಿಗೆ ಬಿರಡೆ ಒತ್ತುವುದು ಆಗದ ಮಾತಾಯಿತು. ಬಿಯರ್ ಕುದಿಸುವ ಪಾತ್ರೆ ಎರಡು ವರ್ಷದಿಂದ ನೆಲಮಾಳಿಗೆಯಲ್ಲಿ ಬೋರಲು ಬಿದ್ದಿತ್ತು. ಪೀಪಾಯಿಗಾದರೆ ಬಿರಡೆಯ ಕಾಟವಿಲ್ಲ. ಒಂದು ಸಲ ತುಂಬಿ, ತಣ್ಣಗಿಟ್ಟು, ಗುಳ್ಳೆಗೆ ಸೋಡಾ ಗ್ಯಾಸು ಕೊಟ್ಟು, ನಲ್ಲಿ ಎಳೆದರಾಯಿತು.

ಆ ಕೈಗಳನ್ನು ಊರೇ ಬಲ್ಲದು. ಮೂವತ್ತನಾಲ್ಕು ವರ್ಷ ಅವು ಚೀಸ್ ಕಾರ್ಖಾನೆಯ ಹಾಲಿನ ತೊಟ್ಟಿಯಲ್ಲಿ ಮುಳುಗಿ ಎದ್ದವು. ಎಲ್ಡನ್ ಉಗುರುಬೆಚ್ಚಗಿನ ಹಾಲಿಗೆ ಕೈಯಿಟ್ಟು "ಎಂಬತ್ತೆಂಟು" ಅಂದರೆ ಎಂಬತ್ತೆಂಟೇ. ಥರ್ಮಾಮೀಟರ್ ಅದ್ದಿ ನೋಡಿದವರು ಅದನ್ನು ಒರೆಸಿ ಸುಮ್ಮನೆ ಜೇಬಿಗೆ ಇಳಿಸುತ್ತಿದ್ದರು.

"ಮಾಡು," ಅಂದಳು ಅರ್ಲೀನ್ ಕೊನೆಗೆ. "ಆದ್ರೆ ಒಂದು ಪೊಟ್ಟಣನೂ ಹಾಳಾಗಂಗಿಲ್ಲ. ಜೀವ ತೆಗೆದು ತಂದಿರೋದು. ತಿಂದು ಖಾಲಿ ಮಾಡು, ಪೆಟ್ಟಿಗೆ ನಿಂದು."

"ಈ ತಪಸ್ಸು ಕಾಲದಲ್ಲಾ? ಅರವತ್ತಮೂರಾ?"

"ಶುಕ್ರವಾರ ಬಿಟ್ಟು ಮಿಕ್ಕ ದಿನ ನಿನ್ನ ಬಾಯಿ ಯಾರು ಹೊಲಿದಿದಾರೆ?"

ಹಾಗಾಗಿ ಆ ವರ್ಷದ ತಪಸ್ಸು ಕಾಲದಲ್ಲಿ ಕ್ಲೀಮಾ ಮನೆಯವರು ತಿಂದಷ್ಟು ಮಾಂಸವನ್ನು ಹಬ್ಬದ ದಿನಗಳಲ್ಲೂ ಯಾರೂ ತಿಂದಿರಲಾರರು. ಬೆಳಗ್ಗೆ ಜಿಂಕೆ ಸಾಸೇಜು, ಮಧ್ಯಾಹ್ನ ಜಿಂಕೆ ಸಾರು, ಸಂಜೆ ಜಿಂಕೆ ಹುರಿದದ್ದು. ಶುಕ್ರವಾರ ಚರ್ಚಿನ ಸಭಾಂಗಣದಲ್ಲಿ ಕರಿದ ಮೀನು ಸಿಕ್ಕಿದಾಗ ಎಲ್ಡನ್‌ನ ಕಣ್ಣಲ್ಲಿ ಕೃತಜ್ಞತೆ ತುಂಬಿ ಬರುತ್ತಿತ್ತು.

"ಅರ್ಲೀನ್, ನನ್ನ ತಲೆ ಮುಟ್ಟಿ ನೋಡು, ಕೊಂಬು ಬರ್ತಾ ಇರಬೇಕು," ಅನ್ನುತ್ತಿದ್ದ ನಾರ್ಬರ್ಟ್. ಅವನನ್ನು ವಾರಕ್ಕೆ ನಾಲ್ಕು ದಿನ ಊಟಕ್ಕೆ ಎಳೆತರುತ್ತಿದ್ದರು.

"ಬಂದ್ರೆ ಮುಂದಿನ ನವೆಂಬರಿನ ಬೇಟೆಲಿ ಹುಷಾರಾಗಿರು. ಈಗ ಸುಮ್ನೆ ತಿನ್ನು."

ಫಾದರ್ ಕೂಡ ಬಂದು ಕೈ ಜೋಡಿಸಿದರು. ತಮ್ಮೂರಿನ ಖಾರದ ಪುಡಿಯ ಡಬ್ಬಿ ಜೇಬಲ್ಲೇ ತರುತ್ತಿದ್ದರು. ನಾರ್ಬರ್ಟ್ ಒಂದು ದಿನ ಗಂಡಸುತನ ತೋರಿಸಲು ಒಂದು ಚಮಚ ಹಾಕಿಕೊಂಡು, ಹೊರಗೆ ಹೋಗಿ ಹಿಮ ತಿಂದು ಬಂದ. ಬಿಯರನ್ನು ಮಾತ್ರ ಫಾದರ್ ಮುಟ್ಟುವಂತಿರಲಿಲ್ಲ. ತಪಸ್ಸು ಕಾಲಕ್ಕೆ ಇಷ್ಟವಾದದ್ದೊಂದನ್ನು ಬಿಡಬೇಕಲ್ಲ, ಅವರು ಬಿಟ್ಟದ್ದು ಅದನ್ನೇ. ಈಸ್ಟರ್ ಮಧ್ಯಾಹ್ನಕ್ಕೆ ಮುಂಚೆ ಕೊಡುವಂತಿಲ್ಲ, ಸೋಮವಾರವೆಲ್ಲ ಅವರಿಗೆ ಊರಿನವರ ಬೀಳ್ಕೊಡುಗೆ, ಮಂಗಳವಾರ ಅವರಿಲ್ಲ. ಇದ್ದದ್ದು ಒಂದೇ ಮಧ್ಯಾಹ್ನ.

ಪೊಟ್ಟಣ ಕರಗುತ್ತಿದ್ದಂತೆ ಕೆಲಸವೂ ಸಾಗಿತು. ಎಲ್ಡನ್ ಪಾತ್ರೆಯನ್ನು ತೊಳೆದು, ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಲ್ಲಿ ನೆನೆಸಿ ಸೋಸಿ, ಕಹಿಗೆಂದು ಹಾಪ್ಸ್ ಹೂವು ಹಾಕಿ ಕುದಿಸಿ, ನೆಲಮಾಳಿಗೆಯಲ್ಲಿ ಹುಳಿ ಬರಲಿಟ್ಟ. ಹಿಂದೆ ಸೋಡಾ ತುಂಬುತ್ತಿದ್ದ ಐದು ಗ್ಯಾಲನ್ನಿನ ಉಕ್ಕಿನ ಪೀಪಾಯಿ ಒಂದು ಸಿಕ್ಕಿತು. ನಲ್ಲಿ ಕೂರಿಸಲು ಪೆಟ್ಟಿಗೆಯ ಪಕ್ಕಕ್ಕೆ ತೂತು ಕೊರೆಯೋಣವೆಂದು ನಾರ್ಬರ್ಟ್ ಡ್ರಿಲ್ ಹಿಡಿದೇ ಬಂದ.

"ಮುಟ್ಟಬೇಡ! ತಣ್ಣಗೆ ಮಾಡೋ ಕೊಳವೆ ಎಲ್ಲಾ ಆ ಗೋಡೆ ಒಳಗೇ ಓಡಾಡ್ತಿದೆ. ಚರ್ಮದ ಕೆಳಗೆ ನರ ಇದ್ದಂಗೆ. ಒಂದು ಕಡೆ ಚುಚ್ಚಿದ್ರೆ ಪೆಟ್ಟಿಗೆ ಸತ್ತೇಹೋಗುತ್ತೆ."

"ಮತ್ತೆ ನಲ್ಲಿ ಎಲ್ಲಿ ಇಡ್ತೀಯ, ನಿನ್ನ ಕಿವೀಲಾ?"

ಎಲ್ಡನ್ ಗೇಣಗಲದ ಪೈನ್ ಹಲಗೆಗಳಿಂದ ಒಂದು ಚೌಕಟ್ಟು ಮಾಡಿದ. ಮುಚ್ಚಳ ಬಿಚ್ಚಿ, ಪೆಟ್ಟಿಗೆಯ ಬಾಯಿಯ ಮೇಲೆ ಆ ಚೌಕಟ್ಟು ಕೂರಿಸಿ, ಅದರ ಮೇಲೆ ಮತ್ತೆ ಮುಚ್ಚಳ. ಟೋಪಿಗೂ ತಲೆಗೂ ನಡುವೆ ರುಮಾಲು ಸುತ್ತಿದ ಹಾಗೆ. ನಲ್ಲಿ ಆ ಮರದಲ್ಲಿ ಕೂತಿತು, ಕೊಳವೆಗೆ ಅಪಾಯವಿಲ್ಲ. ಹಿಡಿಗೆ ಕಾರ್ಖಾನೆಯಲ್ಲಿ ತಾನು ಹಾಲಿನ ಗಡ್ಡೆ ಕತ್ತರಿಸುತ್ತಿದ್ದ ಹಳೆಯ ಉಪಕರಣದ ಮರದ ಹಿಡಿಯನ್ನೇ ಹಾಕಿದ.

ಇನ್ನು ಉಳಿದದ್ದು ಒಂದು. ಫ್ರೀಜರ್ ತನ್ನ ಪಾಡಿಗೆ ಓಡಿದರೆ ಬಿಯರು ಕಲ್ಲಾಗುತ್ತದೆ. ಅದಕ್ಕೆ ಅಂಚೆಯಲ್ಲಿ ಒಂದು ಪುಟ್ಟ ಡಬ್ಬಿ ತರಿಸಿದ. ಫ್ರೀಜರಿನ ಪ್ಲಗ್ಗನ್ನು ಆ ಡಬ್ಬಿಗೆ ಚುಚ್ಚುವುದು, ಡಬ್ಬಿಯ ಬಾಲದಂಥ ತಂತಿಯನ್ನು ಪೀಪಾಯಿಗೆ ಅಂಟಿಸುವುದು, ಬೇಕಾದ ಶಾಖ ಒತ್ತಿಡುವುದು. ಅದಕ್ಕಿಂತ ಬೆಚ್ಚಗಾದರೆ ಫ್ರೀಜರ್ ಓಡುತ್ತದೆ, ತಣ್ಣಗಾದರೆ ನಿಲ್ಲುತ್ತದೆ. ಜೊತೆಗೆ ಬಳಸುವ ಕ್ರಮ ಬರೆದ, ಇರುವೆ ಕಾಲಿನಂಥ ಅಕ್ಷರದ ಒಂದು ಕಾಗದವೂ ಬಂದಿತ್ತು. ಚೌಕಟ್ಟಿನ ಒಂದು ಮೂಲೆ ಅಲ್ಲಾಡುತ್ತಿತ್ತು. ಎಲ್ಡನ್ ಆ ಕಾಗದವನ್ನು ನಾಲ್ಕು ಮಡಿಕೆ ಮಡಿಚಿ ಅಲ್ಲಿಗೆ ಕೊಟ್ಟ. ಅಲ್ಲಾಡುವುದು ನಿಂತಿತು.

ಈಸ್ಟರ್‌ಗೆ ಮೂರು ದಿನ ಮುಂಚೆ, ಪವಿತ್ರ ಗುರುವಾರ ಮಧ್ಯಾಹ್ನ ಕೊನೆಯ ಪೊಟ್ಟಣ ಬೆಂದಿತು. ಪೆಟ್ಟಿಗೆಯನ್ನು ಬಿಸಿನೀರಲ್ಲಿ ತೊಳೆದು, ಒರೆಸಿ, ಪೀಪಾಯಿ ಇಳಿಸಿ, ಗ್ಯಾಸಿನ ಸಿಲಿಂಡರು ಜೋಡಿಸಿ, ಎಲ್ಡನ್ ಡಬ್ಬಿಯ ಗುಂಡಿ ಒತ್ತಿ ಮೂವತ್ತೆಂಟಕ್ಕೆ ನಿಲ್ಲಿಸಿದ. ನಮ್ಮ ಕಡೆ ನೀರು ಗಟ್ಟಿಯಾಗುವುದು ಮೂವತ್ತೆರಡಕ್ಕೆ; ಅದಕ್ಕಿಂತ ಆರು ಮೇಲೆ ಇಟ್ಟರೆ ಬಿಯರಿಗೆ ಹದ. ಇದು ಮಕ್ಕಳಿಗೂ ಗೊತ್ತು.

ಶುಭ ಶುಕ್ರವಾರ ಬೆಳಗ್ಗೆ ಹೋಗಿ ನೋಡಿದರೆ ಡಬ್ಬಿಯ ಮುಖದಲ್ಲಿ ಕೆಂಪಗೆ ಹನ್ನೊಂದು. ಹನ್ನೊಂದೆಂದರೆ ಪೀಪಾಯಿ ಬಿರಿಯುವಷ್ಟು ಚಳಿ. ಫ್ರೀಜರು ಮಾತ್ರ ಸದ್ದಿಲ್ಲದೆ ಕೂತಿತ್ತು. ಎಲ್ಡನ್ ಮುಚ್ಚಳ ತೆಗೆದು ಪೀಪಾಯಿಯ ಮೇಲೆ ಕೈಯಿಟ್ಟ. ಕೈ ತಾನಾಗಿಯೇ ಹೇಳಿತು: ಐವತ್ತೆರಡು.

ನಲ್ಲಿ ಎಳೆದ. ಉಪವಾಸದ ದಿನ, ಕುಡಿಯಲಿಕ್ಕಲ್ಲ. ಗ್ಲಾಸಿನ ತುಂಬ ಬರೀ ನೊರೆ ಬಂತು. ಎರಡನೆಯದೂ ನೊರೆ. ಮೂರನೆಯದೂ ಅದೇ.

"ಇದು ಬಿಯರಲ್ಲ, ಗಡ್ಡ ಬೋಳಿಸೋ ಸೋಪು," ಅಂದ ನಾರ್ಬರ್ಟ್. "ಫಾದರ್‌ಗೆ ಒಂದು ಬ್ರಷ್ಷೂ ಕೊಟ್ಟು ಕಳಿಸು."

ಎಲ್ಡನ್ ನಗಲಿಲ್ಲ. ಅಡುಗೆಮನೆಗೆ ಬಂದು ಅರ್ಲೀನ್ ಎದುರು ಕೂತು ಅಂಗೈ ಚಾಚಿದ.

"ಡಬ್ಬಿ ಹನ್ನೊಂದು ಅಂತಿದೆ. ನನ್ನ ಕೈ ಐವತ್ತೆರಡು ಅಂತಿದೆ."

"ಹೊಸಾ ಯಂತ್ರ ಸುಳ್ಳು ಹೇಳುತ್ತಾ, ಎಲ್ಡನ್?" ಅವಳು ಮೆಲ್ಲಗೆ ಅಂದಳು. "ನಿನಗೂ ಎಪ್ಪತ್ತಾಯ್ತು."

"ನಲವತ್ತೊಂದು ಡಿಗ್ರಿ ತಪ್ಪೋ ಕೈನ ಇಟ್ಕೊಂಡು ಏನು ಮಾಡೋದು? ನೊರೆ ಯಾಕೆ ಬರ್ತಿದೆ ಅಂತ ಹೇಗೆ ಕಂಡುಹಿಡೀಲಿ?"

ಆ ದಿನವೆಲ್ಲ ಅವನು ಕೊಳವೆ ಬದಲಿಸಿದ, ಗ್ಯಾಸು ಇಳಿಸಿದ, ಏರಿಸಿದ. ನೊರೆ ನೊರೆಯೇ. ಫಾದರ್‌ಗೆ ಅಂಗಡಿಯ ಕ್ಯಾನು ಕೊಡುವುದೆಂದು ಮನಸ್ಸಿನಲ್ಲೇ ಸೋತು ಮಲಗಿದ.

ಶನಿವಾರ ಮಧ್ಯಾಹ್ನ ಚರ್ಚಿನಲ್ಲಿ ಈಸ್ಟರ್ ಊಟದ ಬುಟ್ಟಿಗಳಿಗೆ ಆಶೀರ್ವಾದ. ಅದು ಮುಗಿದದ್ದೇ ಅರ್ಲೀನ್ ಫಾದರ್ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಸೀದಾ ಗ್ಯಾರೇಜಿಗೆ ಕರೆತಂದಳು.

"ಹಂದಿ ತೊಡೆ, ಮೊಟ್ಟೆ, ಬೆಣ್ಣೆಲಿ ಮಾಡಿದ ಕುರಿಮರಿ ಗೊಂಬೆ, ಎಲ್ಲಕ್ಕೂ ನೀರು ಚಿಮುಕಿಸಿದ್ರಿ, ಫಾದರ್. ಈ ಪೆಟ್ಟಿಗೆಗೂ ಎರಡು ತೊಟ್ಟು ಹಾಕಿ. ಇವನು ನಿನ್ನೆಯಿಂದ ಊಟ ಬಿಟ್ಟಿದಾನೆ."

"ನಿನ್ನೆ ಎಲ್ಲರೂ ಬಿಟ್ಟಿದ್ವಲ್ಲ," ಅಂದರು ಫಾದರ್. ನೀರಿನ ಸೀಸೆ ತೆಗೆದು ಕೈಯೆತ್ತಿದವರು, ಡಬ್ಬಿಯ ಮುಖ ನೋಡಿ ಕೈ ಇಳಿಸಿದರು. "ಎಲ್ಡನ್, ಇದನ್ನ ಎಷ್ಟಕ್ಕೆ ಇಟ್ಟಿದೀರಿ?"

"ಮೂವತ್ತೆಂಟು."

"ಯಾಕೆ? ಬಿಯರ್‌ಗೆ ಜ್ವರ ಬರಿಸೋಕಾ?"

"ಮೂವತ್ತೆಂಟು ಅಂದ್ರೆ ತಣ್ಣಗೆ, ಫಾದರ್."

"ನಿಮ್ಮ ಫ್ಯಾರನ್‌ಹೀಟ್ ಮೂವತ್ತೆಂಟು ತಣ್ಣಗೆ. ನನ್ನ ಮೂವತ್ತೆಂಟಕ್ಕೆ ನಮ್ಮಮ್ಮ ಹಣೆಗೆ ಒದ್ದೆ ಬಟ್ಟೆ ಹಾಕ್ತಿದ್ರು. ಈ ಡಬ್ಬಿ ನನ್ನೂರಿನ ಲೆಕ್ಕದಲ್ಲಿ ಮಾತಾಡ್ತಾ ಇದೆ, ಸೆಲ್ಸಿಯಸ್‌ನಲ್ಲಿ. ಮೊದಲ ವರ್ಷ ರೇಡಿಯೋದಲ್ಲಿ 'ನಾಳೆ ಮೂವತ್ತು' ಅಂದ್ರು ಅಂತ ನಾನು ತೆಳ್ಳನೆ ಅಂಗೀಲಿ ಹಿಮಕ್ಕೆ ಇಳಿದಿದ್ದು ಮರೆತ್ರಾ? ಊರೆಲ್ಲಾ ನಕ್ಕಿದ್ರಿ. ಇವತ್ತು ನನ್ನ ಸರದಿ." ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಮೂವತ್ತೆಂಟಾಗೋ ತನಕ ನಾನು ಓಡಲ್ಲ ಅಂತ ಪಾಪ, ಪೆಟ್ಟಿಗೆ ಸುಮ್ನೆ ಕೂತಿದೆ. ಬಿಯರ್ ಬೆಚ್ಚಗಿದೆ, ಅದಕ್ಕೇ ನೊರೆ."

ಎಲ್ಡನ್ ನಗುವುದನ್ನು ಮರೆತು ಕೇಳಿದ, "ಫಾದರ್, ನಿಮ್ಮ ಹನ್ನೊಂದು ಅಂದ್ರೆ ನಮ್ಮಲ್ಲಿ ಎಷ್ಟು?"

ಫಾದರ್ ಮೇಲೆ ನೋಡುತ್ತ, ತುಟಿ ಅಲ್ಲಾಡಿಸುತ್ತ ಲೆಕ್ಕ ಹಾಕಿದರು. "ಐವತ್ತೆರಡು. ಒಂದು ಕೂದಲಷ್ಟು ಕಮ್ಮಿ."

ಅರ್ಲೀನ್ ಬಾಯಿಗೆ ಕೈ ಅಡ್ಡ ಹಿಡಿದಳು. "ನಿನ್ನೆನೇ ಹೇಳಿದ್ದ, ಫಾದರ್. ಇದೇ ಐವತ್ತೆರಡು. ನಾನೇ ಕಣ್ರೀ, ವಯಸ್ಸಾಯ್ತು ಅಂದುಬಿಟ್ಟೆ."

ಎಲ್ಡನ್ ಎರಡೂ ಅಂಗೈ ತಿರುಗಿಸಿ ತಿರುಗಿಸಿ ನೋಡಿಕೊಂಡ, ಕಳೆದುಹೋದ ದನ ತಾನಾಗಿ ಕೊಟ್ಟಿಗೆಗೆ ಬಂದದ್ದನ್ನು ನೋಡುವವನ ಹಾಗೆ. ಆಮೇಲೆ ಡಬ್ಬಿಯ ಗುಂಡಿ ಒತ್ತಿ ಮೂರಕ್ಕೆ ಇಳಿಸಿದ. ಪೆಟ್ಟಿಗೆ ಒಮ್ಮೆ ನಡುಗಿ, ಗುರ್ ಎಂದು ಶುರುಮಾಡಿತು. ಫಾದರ್ ಎರಡು ತೊಟ್ಟಲ್ಲ, ಸೀಸೆಯಲ್ಲಿದ್ದದ್ದನ್ನೆಲ್ಲ ಚಿಮುಕಿಸಿದರು.

ಭಾನುವಾರ, ಹತ್ತು ಗಂಟೆಯ ಪೂಜೆ ಮುಗಿದು ಎಲ್ಲರೂ ಗ್ಯಾರೇಜಿನಲ್ಲಿ ಸೇರಿದಾಗ ಡಬ್ಬಿ ಮೂರು ತೋರಿಸುತ್ತಿತ್ತು. ಎಲ್ಡನ್ ಅದನ್ನು ನೋಡಲಿಲ್ಲ. ಪೀಪಾಯಿಗೆ ಕೈಯಿಟ್ಟು, ತಲೆಯಾಡಿಸಿ, ಹಿಡಿ ಎಳೆದ. ಮೊದಲ ಗ್ಲಾಸು ಅರ್ಧ ನೊರೆ. ಅದನ್ನು ನಾರ್ಬರ್ಟ್‌ನ ಕೈಗಿತ್ತ.

"ತಗೋ, ನಿನ್ನ ಸೋಪು."

ಎರಡನೆಯದು ಜೇನಿನ ಬಣ್ಣಕ್ಕೆ, ತಿಳಿಯಾಗಿ, ಮೇಲೆ ಎರಡು ಬೆರಳು ಬಿಳಿ ನೊರೆಯೊಂದಿಗೆ ತುಂಬಿತು. ಫಾದರ್ ಅದನ್ನು ಎತ್ತಿಕೊಂಡು ಬಾಗಿಲಿಗೆ ಹೋಗಿ, ಅಲ್ಲಿ ಉಳಿದಿದ್ದ ಕೊಳಕು ಹಿಮದ ಗುಡ್ಡೆಯ ಮೇಲೆ ನಾಲ್ಕು ಹನಿ ಚೆಲ್ಲಿದರು.

"ಅಯ್ಯೋ, ಚೆಲ್ತಾರಲ್ಲ!" ನಾರ್ಬರ್ಟ್ ಕೂಗಿದ.

"ಇದು ನಮ್ಮ ಅಜ್ಜಂದಿರ ಪಾಲು. ಬಿಷಪ್ಪರಿಗೆ ಹೇಳಬೇಡ."

ಆಮೇಲೆ ನಿಂತಲ್ಲೇ, ಕಣ್ಣು ಮುಚ್ಚಿ, ಒಂದೇ ಸಮ ಕುಡಿದರು. ಗ್ಯಾರೇಜಿನಲ್ಲಿ ಪೆಟ್ಟಿಗೆಯ ಗುರ್ ಸದ್ದೊಂದೇ. ಗ್ಲಾಸು ಖಾಲಿಯಾಯಿತು. ಮೇಲ್ದುಟಿಯ ನೊರೆಯನ್ನು ಒರೆಸದೆ ಫಾದರ್ ಗ್ಲಾಸನ್ನು ಮುಂದೆ ಚಾಚಿದರು.

"ಆರು ವರ್ಷದಿಂದ 'ಮುಂದಿನ ಸಲ, ಮುಂದಿನ ಸಲ' ಅಂತಿದ್ರಲ್ಲ, ಎಲ್ಡನ್. ಕೊಡಿ ಮತ್ತೆ, ಮುಂದಿನ ಸಲ."

ಆ ಮಧ್ಯಾಹ್ನ ಐದು ಗ್ಯಾಲನ್ ಸಾಲಲಿಲ್ಲ. ನಾರ್ಬರ್ಟ್ ಚೌಕಟ್ಟಿನ ಮೂಲೆಯಿಂದ ಆ ಕಾಗದ ಎಳೆದು, ಕನ್ನಡಕ ಏರಿಸಿ, ನಾಲ್ಕನೆಯ ಪುಟದಲ್ಲಿ ಲೆಕ್ಕ ಬದಲಿಸುವ ಗುಂಡಿ ಯಾವುದೆಂದು ಕಂಡುಹಿಡಿದ. "ಒಂದೇ ಒತ್ತು, ನಮ್ಮ ಲೆಕ್ಕಕ್ಕೆ ಬರುತ್ತೆ. ಒತ್ತಲಾ?"

"ಬೇಡ," ಅಂದ ಎಲ್ಡನ್. "ಮೂರು ಅಂತಲೇ ಇರಲಿ. ಆ ಕಾಗದ ಇದ್ದ ಜಾಗಕ್ಕೆ ಇಡು, ಮೂಲೆ ಅಲ್ಲಾಡುತ್ತೆ."

ಮಂಗಳವಾರ ಬೆಳಗ್ಗೆ ಏಳಕ್ಕೆ ನಾರ್ಬರ್ಟ್‌ನ ಪಿಕಪ್ಪಿನಲ್ಲಿ ಫಾದರ್ ಅವರ ಎರಡು ಪೆಟ್ಟಿಗೆ ಏರಿದವು. ಅರ್ಲೀನ್ ದಾರಿಗೆಂದು ಬ್ರೆಡ್ಡಿನ ಬುತ್ತಿ ಕೊಟ್ಟಳು. ಒಳಗೇನು ಎಂದು ಫಾದರ್ ಹೆದರುತ್ತ ಕೇಳಿದಾಗ "ಜಿಂಕೆಯಲ್ಲ, ಹಂದಿ ತೊಡೆ" ಅಂದಳು. ಫಾದರ್ ಎಲ್ಡನ್‌ನ ಕೈ ಹಿಡಿದು, ಬಿಡದೆ ಕೇಳಿದರು:

"ಎಷ್ಟು?"

ಎಲ್ಡನ್ ಅವರ ಅಂಗೈಯನ್ನು ತನ್ನ ಎರಡೂ ಕೈಯೊಳಗೆ ಇಟ್ಟುಕೊಂಡು, ಹಾಲಿನ ತೊಟ್ಟಿಯ ಮುಂದೆ ನಿಲ್ಲುತ್ತಿದ್ದವನ ಹಾಗೆ ನಿಂತ.

"ತೊಂಬತ್ತೊಂದು, ಫಾದರ್. ನಿಮ್ಮ ಲೆಕ್ಕದಲ್ಲಿ ನೀವೇ ನೋಡ್ಕೊಳ್ಳಿ."

"ಮೂವತ್ತಮೂರು," ಅಂದರು ಅವರು, ಮತ್ತು ಗಾಡಿ ಹತ್ತಿದರು. ಫಾದರ್ ಎಬೋ ಕ್ವಾನ್ಸಾ ನಮ್ಮ ಊರು ಬಿಟ್ಟದ್ದು ಹೀಗೆ, ಈಸ್ಟರ್ ಕಳೆದ ಮಂಗಳವಾರ, ತಾವು ಹುಟ್ಟಿದ ವಾರ.