ನಾಲ್ಕರ ಬಿಲ್ಲೆ

ಹೊಸನಗರದ ಆಚೆ ಅಣೆಕಟ್ಟಿನ ಕೆಲಸ ನಡೆಯುತ್ತಿದ್ದ ಕಾಲದಲ್ಲಿ, ಗೇಟಿನೊಳಗೆ ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಎಂಬುದು ಅರಳಸುರಳಿಯ ಶೇಷಪ್ಪನ ಕೈಯಲ್ಲಿತ್ತು. ಕೈಯಲ್ಲಿ ಅನ್ನುವುದಕ್ಕಿಂತ ಅವನ ಪುಸ್ತಕದಲ್ಲಿತ್ತು ಅನ್ನಬೇಕು. ಕೆಲಸದವರ ಕೊರಳಲ್ಲಿ ಹಿತ್ತಾಳೆ ಬಿಲ್ಲೆ, ಬಿಲ್ಲೆಯ ಮೇಲೆ ಕಂಪನಿಯ ಗುರುತು, ಅದರ ಕೆಳಗೊಂದು ಅಂಕಿ. ಯಾವ ಅಂಕಿಗೆ ಯಾವ ಕೆಲಸ, ಎಲ್ಲಿಯವರೆಗೆ ಹೋಗಬಹುದು ಎಂಬುದನ್ನು ಒಂದೊಂದು ಕಂಪನಿಯೂ ತನಗೆ ತೋಚಿದಂತೆ ಗೊತ್ತುಮಾಡಿ ಪಟ್ಟಿ ಕಳಿಸುತ್ತಿತ್ತು. ಶೇಷಪ್ಪ ಅದನ್ನು ಪುಸ್ತಕಕ್ಕೆ ಇಳಿಸುತ್ತಿದ್ದ. ಕೆಲಸದಿಂದ ತೆಗೆದವರಿಗೂ ಬಾಕಿ ಕೂಲಿ ಚುಕ್ತಾ ಆಗುವವರೆಗೆ ಬೇರೊಂದು ಅಂಕಿಯ ಬಿಲ್ಲೆ ಇರುತ್ತಿತ್ತು. ಪುಸ್ತಕ ಬೇಡವೆಂದರೆ ದೇವರೇ ಬಂದರೂ ಹೊರಗೇ ನಿಲ್ಲಬೇಕು. ಹನ್ನೊಂದು ವರ್ಷದಲ್ಲಿ ಒಂದು ತಪ್ಪೂ ಆಗಿಲ್ಲವೆಂದು ಅವನಿಗೆ ಜಂಬ. ಆ ಜಂಬ ಸ್ವಲ್ಪ ಹೆಚ್ಚೇ ಇತ್ತು ಅನ್ನಿ.

ಎಂಬತ್ತೆರಡರಲ್ಲಿ ಹಳೆ ಕಂಪನಿ ಹೋಗಿ ಹೊಸದು ಬಂತು, ಅದರ ಪಟ್ಟಿಯೂ ಬಂತು. ಪುಸ್ತಕಕ್ಕೆ ಹೊಸ ಹಾಳೆ ಬೇಕೆಂದರೆ ಸಾಗರದ ಆಫೀಸಿಗೆ ಬರೆಯಬೇಕು, ಅವರು ನೂರೆಂಟು ಪ್ರಶ್ನೆ ಕೇಳುತ್ತಾರೆ. ಶೇಷಪ್ಪ ಪಟ್ಟಿಯ ಮೇಲೆ ಕಣ್ಣಾಡಿಸಿದ. ಒಂದು ಅಂದರೆ ಗಾರೆಯವರು, ಎರಡು ಅಂದರೆ ಡ್ರೈವರುಗಳು, ಮೂರು ಅಂದರೆ ಕಮ್ಮಾರರು. ಹಳೆಯದರಲ್ಲೂ ಹಾಗೇ ಇತ್ತು. ಮುಂದಿನದೂ ಅದೇ ಇರುತ್ತದೆ ಬಿಡು ಎಂದುಕೊಂಡು, ಹಳೆ ಪುಟದಲ್ಲೇ ಕಂಪನಿಯ ಹೆಸರು ಹೊಡೆದುಹಾಕಿ ಹೊಸದನ್ನು ಬರೆದ. ಹೆಚ್ಚಿಗೆ ಬಂದಿದ್ದ ಏಳು, ಎಂಟು, ಒಂಬತ್ತನ್ನು ಕೆಳಗೆ ಸೇರಿಸಿದ. ಒಂದು ಹಾಳೆ ಉಳಿಸಿದೆನೆಂದು ಖುಷಿಯನ್ನೂ ಪಟ್ಟ.

ಸೋಮವಾರ ಬೆಳಿಗ್ಗೆ ಹೊಸ ಬಿಲ್ಲೆ ಹಾಕಿಕೊಂಡು ಹುಲಿಯಮ್ಮ ಬಂದಳು. ಇಷ್ಟು ದಿನ ಹೊಳೆಯಾಚೆ ಕಲ್ಲುಕ್ವಾರಿಯಲ್ಲಿ ನೀರು ಹೊರುತ್ತಿದ್ದವಳು, ಈ ಗೇಟಿಗೆ ಹೊಸಬಳು; ನೀರಿನ ಕೆಲಸಕ್ಕೆ ಈ ಕಡೆ ಬಂದವಳು ಅವಳೊಬ್ಬಳೇ. ಬಿಲ್ಲೆಯಲ್ಲಿ ನಾಲ್ಕು ಎಂದಿತ್ತು. ಶೇಷಪ್ಪ ಪುಸ್ತಕ ತೆಗೆದು, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಓದಿದ: "ನಾಲ್ಕು. ಕಳವಿನ ಅನುಮಾನದ ಮೇಲೆ ತೆಗೆದವರು. ಒಳಗೆ ಬಿಡಕೂಡದು."

"ಅಯ್ಯೋ, ನಾನೆಂತ ಕದ್ದೆ ಸ್ವಾಮಿ?"

"ಅದು ನಂಗೊತ್ತಿಲ್ಲ. ಪುಸ್ತಕದಲ್ಲಿದೆ."

ಅವಳು ಕಂಪನಿಯ ಮೇಸ್ತ್ರಿಯ ಹತ್ತಿರ ಹೋದಳು. ಗೇಟಿನವರೇ ಹಾಗಂದ ಮೇಲೆ ನಾನೇನು ಮಾಡಲಿ ಎಂದು ಅವನು ಕೈ ತೊಳೆದುಕೊಂಡ. ಮಂಗಳವಾರವೂ ಬಂದಳು, ಮಂಗಳವಾರವೂ ವಾಪಸ್ಸು. ಮೂರು ದಿನ ಹಾಜರಿ ಬೀಳದಿದ್ದರೆ ಹೆಸರೇ ಹೋಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಕೆಲಸದವರು ವಾಸವಿದ್ದ ಶೆಡ್ಡುಗಳ ಸಾಲಿನಲ್ಲಿ ಅವಳು ನಡೆದು ಬಂದರೆ ಹೆಂಗಸರು ಹೊರಗಿಟ್ಟ ಚೊಂಬು, ಬಿಂದಿಗೆಗಳನ್ನು ಒಳಗೆ ಎತ್ತಿಡತೊಡಗಿದ್ದರು.

ಬುಧವಾರ ಅವಳು ವಾಪಸ್ಸು ಹೋಗಲಿಲ್ಲ. ಗೇಟಿನ ಪಕ್ಕ ಕೂತುಬಿಟ್ಟಳು. ಅಷ್ಟರಲ್ಲಿ ಸಾಗರದಿಂದ ಜೀಪಿನಲ್ಲಿ ಬಂದ ಇಂಜಿನಿಯರ್ ಪಾರ್ಶ್ವರಾಜ, ಈಕೆ ಯಾಕೆ ಇಲ್ಲಿ ಕೂತಿದ್ದಾಳೆ ಎಂದು ವಿಚಾರಿಸಿದ. ಪುಸ್ತಕ ನೋಡಿದ. ಆಮೇಲೆ ತನ್ನ ಫೈಲಿನಿಂದ ಹೊಸ ಕಂಪನಿಯ ಪಟ್ಟಿ ತೆಗೆದು ಪಕ್ಕಕ್ಕಿಟ್ಟ.

"ಶೇಷಪ್ಪನೋರೆ, ಇದು ಯಾರ ನಾಲ್ಕು?"

"ನಾಲ್ಕು ಅಂದ್ರೆ ನಾಲ್ಕೇ ಅಲ್ವ ಸರ್?"

"ಹಳೆ ಕಂಪನಿಗೆ ಕಳವು. ಹೊಸೋರಿಗೆ ನೀರು ಹೊರೋರು. ಈ ಪಟ್ಟಿ ನೀವೇ ಸಹಿ ಹಾಕಿ ತಗೊಂಡಿದ್ದು."

ಶೇಷಪ್ಪ ಪಟ್ಟಿಯ ನಾಲ್ಕರ ಮೇಲೆ ಬೆರಳಿಟ್ಟು ಓದಿದ. ಎರಡು ದಿನ ತಾನು ಅವಳನ್ನು ಹೇಗೆ ಗದರಿಸಿದ್ದೆ ಎಂಬುದು ನೆನಪಾಗಿ, ಅವನಿಗೆ ನಿಜವಾಗಿಯೂ ನಾಚಿಕೆಯಾಯಿತು. ಪಾರ್ಶ್ವರಾಜ ಒಳ್ಳೆಯ ಮನುಷ್ಯ, ಕೂಗಾಡಲಿಲ್ಲ. "ಹೋಗ್ಲಿ, ಹೊಸ ಹಾಳೆ ತಗೊಳ್ಳಿ. ಒಂದರಿಂದ ಒಂಬತ್ತು ಪೂರ್ತಿ ಬರೀರಿ. ಹಾಜರಿಗೆ ನಾನ್ ಹೇಳ್ತೀನಿ, ಇವ್ರನ್ನ ಒಳಗೆ ಬಿಡಿ," ಎಂದು ಫೈಲಿನಿಂದಲೇ ಒಂದು ಖಾಲಿ ಹಾಳೆ ಕೊಟ್ಟು ಹೊರಟ.

ಶೇಷಪ್ಪ ಒಂಬತ್ತನ್ನೂ ಒಂದೊಂದಾಗಿ ಓದಿ ಬರೆದ. ಆಮೇಲೆ ಹುಲಿಯಮ್ಮನ ಹತ್ತಿರ ಹೋಗಿ ಮೆಲ್ಲಗೆ ಹೇಳಿದ: "ಹೋಗಮ್ಮ, ಎಲ್ಲ ಸರಿಯಾಯ್ತು."

ಅವಳು ಎದ್ದಳು, ಒಳಗೆ ಹೋಗಲಿಲ್ಲ. "ಎಂತ ಸರಿಯಾಯ್ತು? ಮೊನ್ನೆ ಎಲ್ರಿಗೂ ಕೇಳೋ ಹಾಗೆ ಓದಿದ್ರಿ. ಇವತ್ತು ಕಿವೀಲಿ ಹೇಳ್ತೀರಾ?"

ಸರದಿಯಲ್ಲಿ ಅರವತ್ತು ಜನರಾದರೂ ಇದ್ದರು. ಶೇಷಪ್ಪನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೆ ಅವಳ ಮುಖ ನೋಡಿದ ಮೇಲೆ ಬೇರೆ ದಾರಿ ಕಾಣಲಿಲ್ಲ.

"ಹುಲಿಯಮ್ಮ ಏನೂ ಕದ್ದಿಲ್ಲ," ಎಂದ. "ಪುಸ್ತಕದಲ್ಲಿ ತಪ್ಪು ಬರ್ದಿದ್ದು ನಾನು."

ಅವನು ಗೇಟು ತೆರೆದ. ಹುಲಿಯಮ್ಮ ಹಿಂದಕ್ಕೆ ತಿರುಗಿ, ಸಾಲಿನ ತುದಿಯವರೆಗೂ ಒಮ್ಮೆ ನೋಡಿದಳು.

"ಇನ್ನೊಂದ್ಸಲ ಹೇಳಿ ಸ್ವಾಮಿ. ಹಿಂದಿದ್ದೋರಿಗೆ ಕೇಳ್ಲಿಲ್ಲ."

ಶೇಷಪ್ಪ ತನ್ನ ಕುರ್ಚಿಯ ಮೇಲೆ ಹತ್ತಿ ನಿಂತು, ಗಂಟಲು ಸರಿಮಾಡಿಕೊಂಡು, ಇನ್ನೊಂದು ಸಲ ಹೇಳಿದ.