ಕರೆಂಟಿನ ಬೆಂಜೊ

ಬುಡನಸಾಬ ಅನ್ನುವ ಹೆಸರಿನ ಮೇಲಿನ ಗೆರೆ ಸೊಟ್ಟ ಹೋಗಿದೆ, ಬುಡನಸಾ ತನಕ ಹೊಡೆದು ಕೊನೆಯ ಬ ಹೊರಗೇ ಉಳಿದಿದೆ, ಅಡಿಪಟ್ಟಿ ಇಟ್ಟು ಹೊಡೆಯುವಷ್ಟೂ ಪುರುಸೊತ್ತಿಲ್ಲ ವಿಜಯಮಹಾಂತೇಶ ಸಾವ್ಕಾರರಿಗೆ, ಹೊಡೆದವರೇ ಕಾಗದವನ್ನು ಶೀಲಾಳ ಮುಂದೆ ತಳ್ಳಿ, ಸೈನ್ ಹಾಕವಾ, ಸಂಜಿಕ ಪಟ್ಟಿ ಹೋಗಬೇಕು, ಒಂದು ಫೋನ್ ಮುಗಿಸಿ ಬಂದ್ನಿ, ಅಂತ ಕಿಟಕಿಯ ಹತ್ತಿರ ಹೋಗಿ ನಿಂತಿದ್ದಾರೆ — ಹಾವೇರಿಯ ಈ ಕೋಣೆಯ ಫ್ಯಾನು ಗಾಳಿಗಿಂತ ಸದ್ದನ್ನೇ ಹೆಚ್ಚು ಕೊಡುತ್ತದೆ, ಕಾಗದದ ಮೂಲೆ ಏಳುತ್ತದೆ, ಅವಳು ಅಂಗೈ ಒತ್ತಿ ಕೂರಿಸುತ್ತಾಳೆ. ಜವಾರಿ ಹಾಡಿನ ಉತ್ಸವ, ವೇದಿಕೆ ಹತ್ತುವವರ ಪಟ್ಟಿ. ಶಿಫಾರಸು ಮಾಡಿದವರು, ಶೀಲಾ ಗೋಣೆಪ್ಪ, ರಾಣೆಬೆನ್ನೂರು. ರೇಷನ್ ಕಾರ್ಡು ಬಿಟ್ಟರೆ ತನ್ನ ಹೆಸರು ಅಚ್ಚಾದದ್ದು ಇದೇ ಮೊದಲು, ಅದು ತನ್ನ ದಯೆ ಅಂತ ಉತ್ಸವದ ಅಧ್ಯಕ್ಷರಾದ ಸಾವ್ಕಾರರು ತಿಳಿದಿದ್ದಾರೆ, ತಿಳಿಯಲಿ, ದಯೆ ಅವರದಲ್ಲ, ಆ ನಾನೂರು ಜನರದು, ಬೆಳಗಾದರೆ ಇವಳು ಫೋನಿನ ಗುಂಪಿಗೆ ಹಾಕುವ ಒಂದು ಹಾಡಿಗೆ ಕಾದು ಕೂರುವವರದು, ಇವತ್ತ ಇದನ್ನ ಕೇಳ್ರಿ ಅಂತ ಗುಂಪಿನ ಹೆಸರು, ಮೊದಲಿಗೆ ಇದ್ದವರು ಎಂಟೇ ಮಂದಿ, ಸಾವ್ಕಾರರ ಬೀಜದ ಪ್ಲಾಟಿನಲ್ಲಿ ಇವಳ ಜೊತೆ ಕ್ರಾಸಿಂಗ್ ಮಾಡುವ ಹೆಣ್ಣುಮಕ್ಕಳು, ಒಂದು ತಳಿಯ ಗಂಡು ಹೂವಿನ ಪುಡಿಯನ್ನು ಇನ್ನೊಂದು ತಳಿಯ ಹೆಣ್ಣು ಹೂವಿಗೆ ಮುಟ್ಟಿಸುತ್ತ ಮುಟ್ಟಿಸುತ್ತ ಸಾವಿರ ಹೂವಾಗುವ ಹೊತ್ತಿಗೆ ಸಿನಿಮಾ ಹಾಡೆಲ್ಲ ತೀರಿ ಹೋಗಿ, ಬ್ಯಾರೇ ಏನರ ಹಚ್ಚಬೇ ಶೀಲಾ, ಇದನ್ನ ಕೇಳಿ ಕೇಳಿ ಕಿವಿ ತೂತು ಬಿದ್ವು, ಅಂದವಳು ಪಕ್ಕದ ಸಾಲಿನ ಜಯವ್ವ.

ಬ್ಯಾರೇ ಏನರ ಹುಡುಕಿಕೊಂಡು ರಜೆ ಸಿಕ್ಕಾಗಲೆಲ್ಲ ಬಸ್ಸು ಹತ್ತಿದಳು, ಐರಣಿಗೆ ಹೋಗಿ ಡಾಕಪ್ಪನ ಎದುರು ಕೂತಳು, ಏಕತಾರಿ ಮೀಟುತ್ತ ಗೊಬ್ಬರದ ಖಾಲಿ ಡ್ರಮ್ಮನ್ನು ಹಿಮ್ಮಡಿಯಿಂದ ಒದೆಯುತ್ತ ತತ್ವಪದ ಹಾಡುವ ಡಾಕಪ್ಪ, ಅವನನ್ನು ಉಂಡು ಕೇಳಬಾರದು, ಹಸಿದು ಕೇಳಬೇಕು, ಆ ಒದೆತಕ್ಕೆ ಹೊಟ್ಟೆಯಲ್ಲಿ ಜಾಗ ಬೇಕು ಅಂತ ಗುಂಪಿನಲ್ಲಿ ಬರೆದಳು, ಮುನ್ನೂರು ಜನ ನಾಷ್ಟಾ ಬಿಟ್ಟು ಕೇಳಿದರು, ಕುಮಾರಪಟ್ಟಣದ ಎ ಶಿಫ್ಟ್ ಎಂಬ ನಾಲ್ವರು ಸಿಕ್ಕರು, ಕಾರ್ಖಾನೆಯ ಮೊದಲ ಪಾಳಿ ಮುಗಿಸಿ ಬಂದು ಅದೇ ನೀಲಿ ಅಂಗಿಯಲ್ಲಿ ಗಿಟಾರು ಹಿಡಿಯುವವರು, ಅವರ ಮಾಲತೇಶನಿಗೆ ಮೂರನೇ ಸಾಲಿಗೆ ದನಿ ಒಡೆಯುತ್ತದೆ, ತಿದ್ದಬ್ಯಾಡೋ ತಮ್ಮಾ, ಹಾಡು ಅಲ್ಲೇ ಐತಿ, ಅಂದಿದ್ದಳು — ಅವರ ಗಿಟಾರೂ ಕರೆಂಟಿನದೇ ಅಲ್ಲವೇ, ಅವರ ಮೇಲೆ ಗೆರೆ ಇಲ್ಲ, ಗೆರೆ ಇರುವುದು ಮದುವೆ ಬ್ಯಾಂಡಿನಲ್ಲಿ ಬೆಂಜೊ ಬಾರಿಸುವ ಬುಡನಸಾಬನ ಮೇಲೆ ಮಾತ್ರ, ಭಾಳ ಒಳ್ಳೇ ಮನಶ್ಯಾ ಅಂವಾ, ನಮ್ಮ ಮಗಳ ಲಗ್ನದಾಗೂ ಬಾರಿಸ್ಯಾನ, ಆದ್ರ ಬ್ಯಾಂಡಿನವನ್ನ ವೇದಿಕಿ ಮ್ಯಾಲ ಹೆಂಗ ಕುಂದ್ರಸೂದು, ಮತ್ತ ನೀ ಜವಾರಿ ಬೆಂಜೊ ಅಂತ ಬರದೀ, ಕರೆಂಟಿಗೆ ಹಚ್ಚಿದ್ದು ಹೆಂಗ ಜವಾರಿ ಆಕ್ಕೈತಿ, ಹೈಬ್ರಿಡ್ ಅದು, ಅಂತ ಸಾವ್ಕಾರರು ನಕ್ಕರಲ್ಲ ಈಗಷ್ಟೇ, ಗೆರೆ ಹೊಡೆಯುತ್ತ. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ, ಇವರಂತೂ ಮಾರುವುದೂ ಬದನೆಕಾಯಿ ಬೀಜವೇ, ಹೈಬ್ರಿಡ್ ಬದನೆ, ಮೂರಂತಸ್ತಿನ ಮನೆ ಎದ್ದದ್ದೇ ಕ್ರಾಸಿಂಗಿನ ಮೇಲೆ, ಹಾಡು ಮಾತ್ರ ಶುದ್ಧ ಇರಬೇಕು. ಬ್ಯಾಡಗಿ ಮೆಣಸಿನಕಾಯಿಯ ಮುತ್ತಜ್ಜಿಯೇ ಹಡಗು ಹತ್ತಿ ಬಂದವಳು, ಬಿತ್ತಿ ಬಿತ್ತಿ ನಮ್ಮದಾಯಿತು, ಈಗ ಅದರ ಮುಂದೆ ನಿಂತು ಯಾರಾದರೂ ನೀನು ಹೊರಗಿನವಳು ಅನ್ನುತ್ತಾರೆಯೇ. ತಪ್ಪು ಬರೆದದ್ದು ಖರೆ, ಅದನ್ನು ಒಪ್ಪುತ್ತಾಳೆ, ನಂದು ಜವಾರಿ ಬೆಂಜೊ ತಂಗಿ ಅಂದಿದ್ದ ಬುಡನಸಾಬ, ಜವಾರಿ ಅಂದರೆ ಇವಳಿಗೆ ಕೋಳಿ, ಬದನೆ, ಸೌತೆ, ನಮ್ಮ ನೆಲದ್ದು ಅಂತಲೇ ಅರ್ಥ, ಹಾಗೇ ಬರೆದಳು, ಹಿಂಗ ಬರದೇನಿ ಅಂತ ನಿನ್ನೆ ಫೋನಿನಲ್ಲಿ ಹೇಳಿದರೆ ಅವನು ಕೆಮ್ಮು ಬರುವ ತನಕ ನಕ್ಕ, ಅಲ್ಲ ತಂಗಿ, ತಂತಿ ಕೆಳಗ ಒಂದು ನೂಲಿನ ಎಳಿ ಸರಸ್ತೇನಿ, ಆವಾಗ ನಾದ ಝೇಂ ಅಂತ ನಿಲ್ಲತೈತಿ, ತಂಬೂರಿ ಮಂದಿ ಅದಕ್ಕ ಜವಾರಿ ಅಂತಾರ. ಅಂದರೆ ಇವಳ ತಪ್ಪೇ ಸರಿ ಆಯಿತು, ಸಾವ್ಕಾರರು ತಿದ್ದಿದ್ದೇ ತಪ್ಪಾಯಿತು, ಆದರೆ ಅದನ್ನು ಅವರಿಗೆ ಯಾರು ಹೇಳಬೇಕು, ಇವಳೇ ಹೇಳಬೇಕು.

ಫೋನಿನಲ್ಲಿ ಯಾರೊಂದಿಗೋ ಶಾಮಿಯಾನದ ಬಣ್ಣದ ಮಾತು ನಡೆದಿದೆ, ಕೇಸರಿ ಬ್ಯಾಡ ಹಳದಿ ಇರ್ಲಿ, ಬೇಗ ಮುಗಿಯುವ ಮಾತಲ್ಲ ಅದು. ಬುಡನಸಾಬನನ್ನು ಮೊದಲು ಕೇಳಿದ ದಿನ ಬ್ಯಾಡಗಿಯಲ್ಲೂ ಹಳದಿ ಶಾಮಿಯಾನವೇ ಇತ್ತು, ಯಾರದೋ ಮದುವೆ, ಪೇಟೆಯ ಕಡೆಯಿಂದ ಮೆಣಸಿನಕಾಯಿ ಘಾಟು ಬಂದು ಬೀಗರೆಲ್ಲ ಸೀನುತ್ತಿದ್ದರು, ಮೆರವಣಿಗೆ ಮುಗಿದು ಬ್ಯಾಂಡಿನವರು ಟೆಂಪೊದ ನೆರಳಿನಲ್ಲಿ ಚಹಾ ಕುಡಿಯುತ್ತಿದ್ದರು, ಮುದುಕನೊಬ್ಬ ಮಾತ್ರ ತೊಡೆಯ ಮೇಲಿನ ಬೆಂಜೊ ಕೆಳಗಿಟ್ಟಿರಲಿಲ್ಲ, ಟೈಪ್ ಮಿಷನ್ನಿನ ಹಾಗೆ ಎಡಗೈಯಲ್ಲಿ ಗುಂಡಿ ಒತ್ತಿ ಬಲಗೈಯಲ್ಲಿ ತಂತಿ ಮೀಟುವ ಆ ಪುಟ್ಟ ಪೆಟ್ಟಿಗೆ, ಅದರ ದಪ್ಪ ತಂತಿ ಅಂದರೆ ಮೋಟರ್ ಸೈಕಲ್ಲಿನ ಕ್ಲಚ್ ಕೇಬಲ್ಲಿನಿಂದ ಬಿಚ್ಚಿದ ಎಳೆ, ಟೆಂಪೊದ ಮೇಲಿನ ಹಾರ್ನ್ ಸ್ಪೀಕರು ಆರಿಸುವುದನ್ನು ಮರೆತಿದ್ದರು, ಅವನು ತನಗಾಗಿ ಬಾರಿಸಿಕೊಂಡದ್ದು ಊರಿಗೆಲ್ಲ ಕೇಳಿತು, ಕಟ್ಟಿದ ಹೋರಿ ಗುಟುರು ಹಾಕಿದ ಹಾಗೆ, ಇವಳ ಕೈಯಲ್ಲಿನ ಊಟದ ತಟ್ಟೆ ಹಾಗೇ ನಿಂತಿತು. ಹತ್ತಿರ ಹೋದಾಗ ಕಂಡದ್ದು ಆ ಬೆರಳು. ಒಂದು ಗುಂಡಿಯ ಟೊಪ್ಪಿಗೆ ಎಂದೋ ಕಳೆದು ಬರೀ ಕಬ್ಬಿಣದ ಕಡ್ಡಿ ಉಳಿದಿತ್ತು, ತೋರುಬೆರಳು ವರ್ಷಗಟ್ಟಲೆ ಅದರ ಮೇಲೇ ಬಿದ್ದು ಬಿದ್ದು ತುದಿಯಲ್ಲಿ ಜೋಳದ ಕಾಳು ಕೂರುವಷ್ಟು ಕುಳಿ, ನೋಯಂಗಿಲ್ಲೇನ್ರಿ ಚಾಚಾ, ನೋಯತೈತಿ ತಂಗಿ, ಹೊಸಾ ಗುಂಡಿ ಹಾಕಿದ್ರ ಆ ಸ್ವರ ಮೆತ್ತಗಾಕ್ಕೈತಿ. ನಲವತ್ತು ವರ್ಷ ಜನ ಅವನ ಮುಂದೆ ಕುಣಿದಿದ್ದಾರೆ, ಕೂತು ಕೇಳಿದವರಿಲ್ಲ, ಮದುವೆ ಊಟದಲ್ಲೂ ಕಡೆಯ ಪಂಕ್ತಿ ಅವನದು, ಈಗ ಎಡಗೈಯ ಬೆರಳುಗಳು ಒಂದೊಂದೇ ಮರಗಟ್ಟುತ್ತಿವೆ, ಚೆನ್ನಾಗಿ ಆಡುವುದು ಆ ಕುಳಿಯ ಬೆರಳೊಂದೇ, ಮುಂದಿನ ವರ್ಷದ ಉತ್ಸವಕ್ಕೆ ಅದು ಕಾಯುವುದಿಲ್ಲ. ಖರೇನ ಕುಂತು ಕೇಳತಾರೇನು ತಂಗಿ, ಅಂದಿದ್ದ ನಿನ್ನೆ, ಫೋನಿಡುವ ಮೊದಲು, ಅಂಗಿ ಇಸ್ತ್ರಿಗೆ ಕೊಡ್ತೇನಿ ಹಂಗಾರ.

ಸೈನ್ ಹಾಕಿದರೆ ಡಾಕಪ್ಪನಿಗೂ ಮಾಲತೇಶನಿಗೂ ವೇದಿಕೆ, ಹಾಕದಿದ್ದರೆ ಮೂವರಿಗೂ ಇಲ್ಲ, ಅತ್ತ ದರಿ ಇತ್ತ ಪುಲಿ, ಅಂಜಿಕೆಯಾಗುತ್ತದೆ, ಆಗುವುದಿಲ್ಲ ಅಂದರೆ ಸುಳ್ಳು, ನಾಳೆ ಬೆಳಿಗ್ಗೆ ಇವರ ಪ್ಲಾಟಿಗೇ ಹೋಗಬೇಕು — ಹೋಗಬೇಡ ಅಂದರೆ ಅನ್ನಲಿ, ರಾಣೆಬೆನ್ನೂರಿನಲ್ಲಿ ಬೀಜದ ಪ್ಲಾಟಿಗೇನು ಬರವೇ, ಇಂಥ ಕೈ ಸಿಕ್ಕರೆ ಕರೆದು ಕೊಡುತ್ತಾರೆ ಕೆಲಸ — ಪೆನ್ನು ತೆರೆದಳು, ಗೆರೆ ಹೊಡೆದ ಹೆಸರಿನ ಕೆಳಗೆ ಮತ್ತೆ ಬರೆದಳು, ಬುಡನಸಾಬ, ಬ್ಯಾಡಗಿ, ಜವಾರಿ ಬೆಂಜೊ, ಕರೆಂಟಿನದು, ಅದೇ ಸಾಲಿನ ಬಾಲಕ್ಕೆ ಅಕ್ಷರಕ್ಕೆ ಅಕ್ಷರ ಹೆಣೆದು ತನ್ನ ಸೈನು, ಎಲ್ಲಿ ಅವನು ಮುಗಿದ ಎಲ್ಲಿ ಇವಳು ಶುರುವಾದಳು ಅಂತ ತಿಳಿಯದ ಹಾಗೆ. ಏನವಾ ಮಾಡೀದಿ ಇದು, ಸಾವ್ಕಾರರು ಬಂದು ನಿಂತಿದ್ದಾರೆ, ಗೆರಿ ಹೊಡೀರಿ ಸಾವ್ಕಾರ್ರ, ನಿಮ್ಮ ಕೈ ಯಾರು ಹಿಡೀತಾರ, ಆದ್ರ ಅಂವನ್ನ ಹೊಡದ್ರ ನನ್ನ ಸೈನೂ ಹೋಕ್ಕೈತಿ, ಪಟ್ಟೀನೂ ಹೋಕ್ಕೈತಿ, ಅಂದಳು ಶೀಲಾ, ಅವರು ಪೆನ್ನು ಎತ್ತಿದ್ದಾರೆ, ಕಾಗದದ ಮೇಲೆ ತರುವುದೂ ಇಲ್ಲ, ಕೆಳಗಿಡುವುದೂ ಇಲ್ಲ, ಕುಂದ್ರಿ ಸಾವ್ಕಾರ್ರ, ಒಂದ್ ಸಲ ಕುಂತು ಕೇಳ್ರಿ, ಆಮ್ಯಾಲ ಹೊಡೀರಿ, ಅಂತ ಫೋನನ್ನು ಮೇಜಿನ ನಡುವೆ ಇಟ್ಟು ಬ್ಯಾಡಗಿಯಲ್ಲಿ ರೆಕಾರ್ಡ್ ಮಾಡಿಕೊಂಡ ಬೆಂಜೊ ಹಚ್ಚಿಬಿಟ್ಟಳು, ಕ್ಲಚ್ ಕೇಬಲ್ಲು ಗುಟುರು ಹಾಕಿತು, ಕುರ್ಚಿ ಎಳೆದ ಸದ್ದು ಬಂತು, ಕೂತರೋ, ಹೊರಟರೋ, ಅವಳು ತಲೆ ಎತ್ತಿ ನೋಡುತ್ತಿಲ್ಲ, ಕಿವಿ ಮುಂದೆ ಓಡಿದೆ, ಎರಡು ಸುತ್ತು ಆದ ಮೇಲೆ ಬರುತ್ತದೆ ಆ ಸ್ವರ, ಟೊಪ್ಪಿಗೆ ಇಲ್ಲದ್ದು, ಒಂದು ಸುತ್ತಾಯಿತು, ಈಗ ಎತ್ತಿದ್ದಾನೆ ಬೆರಳು, ಕುಳಿಯ ಬೆರಳು, ಇಳಿಯುತ್ತಿದೆ, ಬರೀ ಕಬ್ಬಿಣದ ಮೇಲೆ, ಆ ಬೆರಳು —